ಜರಗನಹಳ್ಳಿ ಜಮೈಕಾ ಮೇಳದ ಉದಯ ಮತ್ತು ವಿಸರ್ಜನೆ

ಜಮೈಕಾ ದ್ವೀಪದ ಮೂವರು ಗಾಯಕರ ಸಮಗ್ರ ಚರಿತ್ರೆಯನ್ನು ನಾನು ಓದಿದ್ದು ಒಂದು ಕ್ಯಾಸೆಟ್ಟಿನ ಒಳಚೀಟಿಯಲ್ಲಿ. ಅಕ್ಷರಗಳು ಸಾಸಿವೆ ಗಾತ್ರದವು, ಇಡೀ ಚರಿತ್ರೆ ಹನ್ನೊಂದು ಸಾಲು. ಒಂದೇ ಓಣಿಯ ಮೂವರು ಹುಡುಗರು, ಒಬ್ಬನ ಮನೆಯ ಹಿತ್ತಲಿನಲ್ಲಿ ಅಭ್ಯಾಸ. ಮೊದಲ ಹಾಡಿಗೇ ದ್ವೀಪವೆಲ್ಲ ಕುಣಿಯಿತು. ಕೆಲವು ವರ್ಷ ಮೆರೆದರು. ಆಮೇಲೆ ಅಭಿಪ್ರಾಯ ಭೇದಗಳಿಂದ ಚದುರಿದರು. ಮೇಲುದನಿಯವನು ಒಬ್ಬನೇ ಹಾಡತೊಡಗಿದ, ನಡುದನಿಯವನು ಹಾಡುವುದನ್ನೇ ಬಿಟ್ಟ, ಕೆಳದನಿಯವನು ದೇವರ ಕಡೆ ಹೋದ. ಅಷ್ಟೇ.

ಯಾವ ಅಭಿಪ್ರಾಯ, ಎಂಥ ಭೇದ ಎಂದು ಚೀಟಿ ಹೇಳಿರಲಿಲ್ಲ. ಸರ್ಕಾರಿ ಇಲಾಖೆಯೊಂದರ ಕಡತ ವಿಭಾಗದಲ್ಲಿ ತಲೆ ನರೆಸಿಕೊಂಡ ನನಗೆ ಆ ಪದ ಹೊಸದೇನಲ್ಲ. ಕಾರಣ ಎಲ್ಲರಿಗೂ ಗೊತ್ತಿದ್ದು, ಬರೆಯಲು ಯಾರಿಗೂ ಮನಸ್ಸಿಲ್ಲದಾಗ ಬರೆಯುವ ಪದ ಅದು. ನಾನೇ ಬೇಕಾದಷ್ಟು ಸಲ ಬರೆದಿದ್ದೇನೆ.

ಕ್ಯಾಸೆಟ್ಟು ಕೊಂಡದ್ದು ಎಷ್ಟೋ ವರ್ಷದ ಹಿಂದೆ, ಜಯನಗರ ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿನ ಎದುರಿನ ಫುಟ್‌ಪಾತಿನಲ್ಲಿ. ಹೊದಿಕೆಯ ಮೇಲೆ ಮೂವರು ಎತ್ತರದ ಗಂಡಸರು, ಸೂಟು ಬೂಟು ಹಾಕಿಕೊಂಡು, ಮದುವೆ ಮನೆಯಲ್ಲಿ ಹೆಣ್ಣಿನ ಸೋದರಮಾವಂದಿರು ಫೋಟೋಗೆ ನಿಂತ ಹಾಗೆ ನಿಂತಿದ್ದರು. "ವೆಸ್ಟ್ ಇಂಡೀಸ್ ಸಾರ್, ತಗೊಳ್ಳಿ" ಎಂದ ಮಾರುವವನು. ನಮ್ಮ ತಲೆಮಾರಿನವರಿಗೆ ವೆಸ್ಟ್ ಇಂಡೀಸ್ ಎಂದರೆ ಒಂದೇ ವಿಷಯ. ಹಳೆಯ ಟೆಸ್ಟ್ ಪಂದ್ಯದ ಕಾಮೆಂಟರಿ ಇರಬೇಕು, ನಡುವೆ ನಿಂತವನು ಫಾಸ್ಟ್ ಬೌಲರ್ ಇರಬೇಕು ಎಂದು ತೀರ್ಮಾನಿಸಿ ತಂದೆ. ಮನೆಗೆ ಬಂದು ಹಾಕಿದರೆ ಬೌಲರ್ ಹಾಡುತ್ತಿದ್ದ. ಮೋಸವಾಯಿತೆಂದು ಕಪಾಟಿನೊಳಗೆ ಎಸೆದೆ. ನಿವೃತ್ತನಾಗಿ ಕಪಾಟು ಖಾಲಿ ಮಾಡುವ ವಯಸ್ಸು ಬರುವವರೆಗೂ ಅದು ಅಲ್ಲೇ ಇತ್ತು.

ಇನ್ನು ನಮ್ಮ ಮೇಳದ ಸದಸ್ಯರು. ಹೆಸರು ಹಾಕುವುದಿಲ್ಲ. ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ದಿನಾ ಬೆಳಿಗ್ಗೆ ಜೆ.ಪಿ. ನಗರದ ಪಾರ್ಕಿನಲ್ಲಿ ಎದುರಾಗುತ್ತಾರೆ, ಮತ್ತು ಆ ಪಾರ್ಕಿನಲ್ಲಿ ನಡೆಯುವ ದಾರಿ ದುಂಡಗಿದೆ, ಯಾರಿಂದಲೂ ತಪ್ಪಿಸಿಕೊಳ್ಳಲಾಗುವುದಿಲ್ಲ.

ಒಬ್ಬರು ಜರಗನಹಳ್ಳಿಯವರು. ಅದು ನಿಜವಾಗಿಯೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಹೊಲ ಇದ್ದ ಮನೆತನ. ಈಗ ಅದೇ ಹೊಲದಲ್ಲಿ ಮೂರು ಬಾಡಿಗೆ ಕಟ್ಟಡಗಳು ಎದ್ದಿವೆ. ಚಿಕ್ಕಂದಿನಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಪಳಗಿದ ಗಂಟಲು. ಎಷ್ಟು ಮೇಲಕ್ಕೆ ಬೇಕಾದರೂ ಹೋಗುತ್ತಿತ್ತು, ಯಾರೂ ಕೇಳದಿದ್ದರೂ ಹೋಗುತ್ತಿತ್ತು.

ಇನ್ನೊಬ್ಬರು ಚಿಕ್ಕಲಸಂದ್ರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದವರು. ಪಾರ್ಕಿನಲ್ಲಿ ಅವರಿಗೆ ಮೋಟಾರು ಎಂದೇ ಹೆಸರು. ಸುಟ್ಟುಹೋದ ಪಂಪಿಗೂ ಮಿಕ್ಸಿಗೂ ಹೊಸ ತಾಮ್ರದ ತಂತಿ ಸುತ್ತಿ, ಸ್ವಿಚ್ ಹಾಕಿ, ಕಣ್ಣು ಮುಚ್ಚಿ ಕೇಳುತ್ತಾ ನಿಲ್ಲುವುದು ಅವರ ಕಸುಬು. 'ಉಂ' ಎಂಬ ಸದ್ದು ಎಲ್ಲೂ ಅಲುಗದೆ ಒಂದೇ ಮಟ್ಟದಲ್ಲಿ ಬಂದರೆ ಮೋಟಾರು ಪಾಸು. ಇಡೀ ಆಯುಷ್ಯ ಆ ಸದ್ದನ್ನು ಕೇಳಿ ಕೇಳಿ ಅವರ ಗಂಟಲಿನಲ್ಲೂ ಅದೊಂದೇ ಸ್ವರ ಉಳಿದಿತ್ತು. ಬೇರೆ ಸ್ವರಗಳು ಲೋಕದಲ್ಲಿವೆ ಎಂದು ಅವರು ನಂಬಿದ್ದರು, ಭೇಟಿಯಾಗಿರಲಿಲ್ಲ.

ಇದು ದುರಂತವಾಗಬೇಕಾದ ಕಾರಣವೇ ಇರಲಿಲ್ಲ, ಅವರ ಹೆಂಡತಿ ಭಜನಾ ಮಂಡಳಿಯ ಮುಖ್ಯ ಗಾಯಕಿ ಆಗಿರದಿದ್ದರೆ. ಪ್ರತಿ ಶನಿವಾರ ಸಂಜೆ ಅವರ ಬಡಾವಣೆಯ ರಾಮಮಂದಿರದಲ್ಲಿ ಆಕೆ ಒಂದು ಸಾಲು ಹೇಳುತ್ತಾರೆ, ಕೂತ ಮೂವತ್ತು ಜನ ಆ ಸಾಲನ್ನು ಹಾಗೆಯೇ, ಅದೇ ಏರಿಳಿತದಲ್ಲಿ ತಿರುಗಿ ಹೇಳುತ್ತಾರೆ. ಮಂದಿರ ಹೊಸದಾಗಿ ಕಟ್ಟಿದಾಗ ಮೋಟಾರೂ ಹೋಗಿ ಹೆಂಡತಿಯ ಹಿಂದೆ ಕೂತು ಬಾಯಿ ತೆಗೆದರು. ಇಪ್ಪತ್ತೊಂಬತ್ತು ದನಿ ಬೆಟ್ಟ ಹತ್ತಿ ಇಳಿಯುತ್ತಿದ್ದರೆ, ಒಂದು ದನಿ ಮಾತ್ರ ತಪ್ಪಲಿನಲ್ಲೇ ನೆಟ್ಟಗೆ ನಡೆದುಕೊಂಡು ಹೋಯಿತು. ಮೂರನೇ ಶನಿವಾರ ಹಾರ್ಮೋನಿಯಂ ನಿಂತಿತು. ಆಕೆ ಹಿಂತಿರುಗಿ, ಬಹಳ ಮೃದುವಾಗಿ, ಎಲ್ಲರೆದುರಿಗೆ ಹೇಳಿದರು: "ರೀ, ನೀವು ಮನಸ್ಸಿನಲ್ಲೇ ಹೇಳ್ಕೊಳ್ಳಿ. ದೇವರಿಗೆ ಕೇಳಿಸುತ್ತೆ."

ಇಪ್ಪತ್ತು ವರ್ಷ ಅವರು ಮನಸ್ಸಿನಲ್ಲೇ ಹೇಳಿಕೊಂಡರು. ಅವರ ಶ್ರದ್ಧೆಯನ್ನು ಗುರುತಿಸಿ ಪ್ರಸಾದ ಹಂಚುವ ಹೊಣೆ ವಹಿಸಲಾಗಿತ್ತು.

ನಾನು ಕಪಾಟಿನ ಕ್ಯಾಸೆಟ್ಟನ್ನು ಪಾರ್ಕಿಗೆ ಒಯ್ದದ್ದು ಜರಗನಹಳ್ಳಿಯವರ ಕಾರಿನಲ್ಲಿ ಇನ್ನೂ ಕ್ಯಾಸೆಟ್ ಪ್ಲೇಯರ್ ಇದ್ದುದರಿಂದ. ಅದು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಮೋಟಾರು ಸ್ಕ್ರೂಡ್ರೈವರ್ ತಂದು, ಟಾರ್ಚ್ ಬಿಟ್ಟು, ವೈದ್ಯರ ಹಾಗೆ ಬಹಳ ಹೊತ್ತು ಇಣುಕಿದರು. "ಎಳೆದ್ರೆ ಎರಡೂ ಹೋಗುತ್ತೆ. ಬಿಟ್ರೆ ಇದೊಂದು ಓಡ್ತಾ ಇರುತ್ತೆ." ಹಾಗಾಗಿ ಬಿಟ್ಟೆವು. ಅಂದಿನಿಂದ ಆ ಕಾರಿನಲ್ಲಿ ಕೂತವರಿಗೆಲ್ಲ ಜಮೈಕಾ ಕಡ್ಡಾಯವಾಯಿತು. ದೋಸೆಗೆ ಹೋಗುವಾಗ ಒಂದು ಮಗ್ಗುಲು, ಬರುವಾಗ ಇನ್ನೊಂದು ಮಗ್ಗುಲು. ಒಬ್ಬ ಸ್ನೇಹಿತರ ವೈಕುಂಠ ಸಮಾರಾಧನೆಗೆ ನಾವು ಮೂವರೂ ಸೊಂಟ ತೂಗಿಸುವ ತಾಳದಲ್ಲಿ ಹೋಗಿ ಇಳಿದೆವು.

ಒಂದು ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ, ಸಾರಕ್ಕಿ ಸಿಗ್ನಲ್ಲಿನ ಹತ್ತಿರ, ವಾಹನಗಳು ನಿಂತವು ನಿಂತಂತೆಯೇ ಇದ್ದವು. ಜರಗನಹಳ್ಳಿಯವರು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಾ ಮೇಲುದನಿಯನ್ನು ಹಿಡಿದರು. ನಾನು ನಡುವಿನದನ್ನು ಗುನುಗಿದೆ. ಆಗ ಹಿಂದಿನ ಸೀಟಿನಿಂದ ಇಪ್ಪತ್ತು ವರ್ಷದಿಂದ ಮುಚ್ಚಿದ್ದ ಬಾಯೊಂದು ತೆರೆದುಕೊಂಡಿತು. 'ಉಂ' ಎಂಬ ಒಂದೇ ಸ್ವರ, ಕೆಳಗೆ, ಕಬ್ಬಿಣದ ತೊಲೆಯ ಹಾಗೆ. ಅದರ ಮೇಲೆ ನಮ್ಮಿಬ್ಬರ ದನಿ ಕೂತದ್ದೇ ತಡ, ಕಾರಿನೊಳಗಿನ ಗಾಳಿಯೇ ಬೇರೆಯಾಯಿತು. ಕ್ಯಾಸೆಟ್ಟಿನಲ್ಲಿ ಹಾಡುತ್ತಿರುವವರು ಯಾರು, ಸೀಟಿನಲ್ಲಿ ಹಾಡುತ್ತಿರುವವರು ಯಾರು ಎಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ ಮೇಲೆ ನೋಡಿದರೆ ಸಿಗ್ನಲ್ ಬಿಟ್ಟು ಎಷ್ಟೋ ಹೊತ್ತಾಗಿತ್ತು.

ಜರಗನಹಳ್ಳಿಯವರು ತಿರುಗಿ ಕೇಳಿದರು: "ಏನ್ರೀ ಮೋಟಾರು, ಇದನ್ನ ಎಲ್ಲಿಟ್ಟಿದ್ರಿ ಇಷ್ಟು ದಿನ?"

"ಮನಸ್ಸಿನಲ್ಲಿ" ಎಂದರು ಅವರು.

ಹೀಗೆ ಮೇಳ ಸ್ಥಾಪನೆಯಾಯಿತು. ಅಭ್ಯಾಸಕ್ಕೆ ಜರಗನಹಳ್ಳಿಯವರ ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗ ಗೊತ್ತಾಯಿತು. ಅಲ್ಲಿ ಪ್ರತಿಧ್ವನಿ ಚೆನ್ನಾಗಿತ್ತು. ಮೇಲೆ ವಾಸವಿದ್ದವರೆಲ್ಲ ಹನ್ನೊಂದು ತಿಂಗಳ ಕರಾರಿನವರಾದ್ದರಿಂದ ವಿಮರ್ಶೆಯ ಭಯವೂ ಇರಲಿಲ್ಲ.

ಜಮೈಕಾದವರು ಏನು ಹಾಡುತ್ತಿದ್ದಾರೆಂದು ನಮಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಗಮನವಿಟ್ಟು ಕೇಳಿದಾಗ ಬಾಡಿಗೆ, ಮಳೆ, ಪೊಲೀಸರು, ದೇವರು, ಇಷ್ಟೇ ವಿಷಯ ಎಂದು ಗೊತ್ತಾಯಿತು. ಇವೆಲ್ಲ ನಮ್ಮಲ್ಲೂ ಇರುವುದರಿಂದ ನಾನು ಕನ್ನಡದಲ್ಲಿ ಹಾಡು ಕಟ್ಟಿದೆ. 'ಟ್ಯಾಂಕರ್ ಬಂತು, ನೀರು ಬರಲಿಲ್ಲ' ಎಂಬುದು ನಮ್ಮ ಮೊದಲ ಕೃತಿ. ಎರಡನೆಯದು ಬಾಡಿಗೆ ಏರಿಸುವ ಮನೆಯೊಡೆಯನ ನಿರ್ದಯತೆ ಕುರಿತದ್ದು. ಅದನ್ನು ಮೇಲುದನಿಯಲ್ಲಿ, ಕಣ್ಣಲ್ಲಿ ನೀರು ತಂದುಕೊಂಡು ಹಾಡುತ್ತಿದ್ದವರು ಜರಗನಹಳ್ಳಿಯವರು. ಹಾಡು ಮುಗಿಸಿ ಕಣ್ಣೊರೆಸಿಕೊಂಡು ಎರಡನೇ ಮಹಡಿಯವರಿಗೆ ನೋಟಿಸು ಕೊಡಲು ಮೆಟ್ಟಿಲು ಹತ್ತಿದ್ದನ್ನು ನಾನೇ ನೋಡಿದ್ದೇನೆ. ಕಲೆ ಬೇರೆ, ಜೀವನ ಬೇರೆ.

ಕಷ್ಟ ಇದ್ದದ್ದು ನನ್ನಲ್ಲಿ. ಮೂರು ಜನ ಮೂರು ಬೇರೆ ಸ್ವರಗಳನ್ನು ಒಟ್ಟಿಗೆ ಹಾಡಿದರೆ ಅದು ಜಮೈಕಾ. ಆದರೆ ನಾನು ಹುಟ್ಟಿದಾಗಿನಿಂದ ಕೇಳಿದ್ದು ಬೇರೆ. ನಮ್ಮಲ್ಲಿ ಮನೆಯ ಆರತಿಯಿರಲಿ, ಶಾಲೆಯ ಪ್ರಾರ್ಥನೆಯಿರಲಿ, ಒಬ್ಬರು ಹೇಳಿದ್ದನ್ನು ಉಳಿದವರು ಹಾಗೇ ಹೇಳುತ್ತಾರೆ; ಪಕ್ಕದವನ ಸ್ವರ ಬೇರೆಯಾದರೆ ಮೊಣಕೈಯಿಂದ ತಿವಿಯುತ್ತಾರೆ. ಆ ತಿವಿತ ಇನ್ನೂ ನನ್ನ ಪಕ್ಕೆಯಲ್ಲಿದೆ. ನಾಲ್ಕು ಸಾಲು ಹಾಡುವುದರೊಳಗೆ ನನ್ನ ದನಿ ತನಗೇ ತಿಳಿಯದೆ ಜರಗನಹಳ್ಳಿಯವರ ದನಿಯ ಹಿಂದೆ, ಹಸುವಿನ ಹಿಂದೆ ಕರು ಹೋದ ಹಾಗೆ ಹೊರಟುಬಿಡುತ್ತಿತ್ತು. ಕೊನೆಗೆ ಅವರ ಕಡೆಯ ಕಿವಿಗೆ ಹತ್ತಿ ತುರುಕಿಕೊಂಡೆ. ಎಡಗಿವಿಗೆ ಹತ್ತಿ, ಬಲಗಿವಿಗೆ ಮೋಟಾರು. ಅವರ ಒಂದು ಸ್ವರವನ್ನು ಕೈಕಂಬಿಯ ಹಾಗೆ ಹಿಡಿದುಕೊಂಡು ನಡೆದರೆ ನಾನು ಬೀಳುತ್ತಿರಲಿಲ್ಲ. ಅವರಿಗೆ ಮಾತ್ರ ಹತ್ತಿ ಬೇಕಾಗಲಿಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಯಾರನ್ನೂ ಹಿಂಬಾಲಿಸಲಾಗದೆ ಹಾಡಬಲ್ಲ ಗಂಡಸು ಬಹುಶಃ ಅವರೊಬ್ಬರೇ.

ಉದಯದ ಭಾಗವನ್ನು ಬೇಗ ಮುಗಿಸುತ್ತೇನೆ, ಅದು ನಿಜಕ್ಕೂ ಬೇಗ ಮುಗಿಯಿತು. ಮೊದಲ ಮಹಡಿಯ ಬಾಡಿಗೆದಾರ ಯುವತಿಯೊಬ್ಬಳು ಮೆಟ್ಟಿಲ ಮೇಲೆ ನಿಂತು ನಮ್ಮ ಟ್ಯಾಂಕರ್ ಹಾಡನ್ನು ಫೋನಿನಲ್ಲಿ ಹಿಡಿದು ಯಾರಿಗೋ ಕಳಿಸಿದಳು. ಅವರು ಇನ್ಯಾರಿಗೋ ಕಳಿಸಿದರು. ವಾರದೊಳಗೆ ನನ್ನ ಸೊಸೆಯ ತವರಿನ ವಾಟ್ಸಾಪ್ ಗುಂಪಿನಿಂದ ನನಗೇ ಬಂತು, 'ಹೆಚ್ಚು ಜನರಿಗೆ ಕಳಿಸಿ' ಎಂಬ ವಿನಂತಿಯೊಂದಿಗೆ. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನವರು ರಾಜ್ಯೋತ್ಸವಕ್ಕೆ ಕರೆದು, ಮೈಸೂರು ಪೇಟ ತೊಡಿಸಿದರು. ಬನಶಂಕರಿಯಲ್ಲಿ ಒಂದು ಷಷ್ಟ್ಯಬ್ದಿಯಲ್ಲಿ ಹಾಡಿದೆವು. ಪುರೋಹಿತರು ಕಾಲಲ್ಲಿ ತಾಳ ಹಾಕಿದರು, ಆಮೇಲೆ ಇಲ್ಲವೆಂದರು.

ಎಲ್ಲಕ್ಕಿಂತ ದೊಡ್ಡದು ಸುದ್ದಗುಂಟೆಪಾಳ್ಯದ ಕಡೆಯ ಒಂದು ಹೋಟೆಲ್. ಬಿಯರನ್ನು ಅಲ್ಲೇ, ಗಾಜಿನ ಹಿಂದೆ, ನಮ್ಮ ಕಣ್ಣೆದುರಿಗೆ ತಯಾರಿಸುತ್ತಾರೆ. ಭಾನುವಾರ ಮಧ್ಯಾಹ್ನ ಮೂರು ಜನ ಮುದುಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಯ ಕುಂಕುಮ ಒರೆಸಬೇಕೋ ಬೇಡವೋ ಎಂದು ಲಿಫ್ಟಿನಲ್ಲಿ ಚರ್ಚಿಸಿ, ಒರೆಸದೆ ಒಳಗೆ ಹೋದೆವು. ಲೈಮ್ ಸೋಡಾ ಕೊಟ್ಟರು. ಹಾಡಿದೆವು. ಹುಡುಗರು ಹುಡುಗಿಯರು ಕುರ್ಚಿ ಬಿಟ್ಟು ಎದ್ದರು. ಮುಗಿದ ಮೇಲೆ ಗಡ್ಡದ ಯುವಕನೊಬ್ಬ ಓಡಿ ಬಂದು ನಮ್ಮಿಬ್ಬರನ್ನೂ ಬದಿಗೆ ಸರಿಸಿ ಮೋಟಾರಿನವರ ಕೈ ಹಿಡಿದುಕೊಂಡ.

"ಅಂಕಲ್, ಆ ಕೆಳಗಿನ ವಾಯ್ಸ್ ನಿಮ್ಮದಾ? ಸಖತ್ ಅಂಕಲ್, ಸಖತ್! ಎದೆಯೊಳಗೆ ನಡುಗ್ತು ಗುರು."

ಮೋಟಾರು ಕೈ ಬಿಡಿಸಿಕೊಳ್ಳಲಿಲ್ಲ.

ಕೆಳಗೆ ಕಾರಿನ ಹತ್ತಿರ ಅವರೂ ನಾನೂ ಇಬ್ಬರೇ ನಿಂತಿದ್ದೆವು. ಜರಗನಹಳ್ಳಿಯವರು ಇನ್ನೂ ಮೇಲೆ ಅಭಿಮಾನಿಗಳಿಗೆ ದರ್ಶನ ಕೊಡುತ್ತಿದ್ದರು. ಮೋಟಾರು ಇದ್ದಕ್ಕಿದ್ದಂತೆ ಕೇಳಿದರು: "ನಿಜ ಹೇಳಿ. ನಾನು ಹಾಡ್ತೀನಾ?"

ನಿಜ ನನಗೆ ಗೊತ್ತಿತ್ತು. ಅವರು ಹಾಡುತ್ತಿರಲಿಲ್ಲ, ನಿಲ್ಲುತ್ತಿದ್ದರು. ಅವರು ನಿಂತದ್ದರಿಂದ ನಾವಿಬ್ಬರೂ ಹಾಡುತ್ತಿದ್ದೆವು. ಅದು ಹಾಡುವುದಕ್ಕಿಂತ ಅಪರೂಪದ ಗುಣ ಎಂದು ವಿವರಿಸಿ ಹೇಳಬಹುದಿತ್ತು. ಹೇಳಿದ್ದರೆ ಮೇಳ ಉಳಿಯುತ್ತಿತ್ತು. ಆದರೆ ಬಿಸಿಲಿತ್ತು, ಲೈಮ್ ಸೋಡಾದಲ್ಲಿ ಸಕ್ಕರೆ ಹೆಚ್ಚಾಗಿತ್ತು, ಮತ್ತು ನಮ್ಮ ಕಡೆ ಯಾರಾದರೂ ಹಾಗೆ ಕೇಳಿದರೆ ಹೇಳಬೇಕಾದ ಉತ್ತರ ಮೊದಲೇ ಸಿದ್ಧವಾಗಿರುತ್ತದೆ.

"ಸೊಗಸಾಗಿ ಹಾಡ್ತೀರಿ" ಎಂದೆ.

ಮುಂದಿನ ಶನಿವಾರ ನಡೆದದ್ದನ್ನು ಅವರೇ ನನಗೆ ಹೇಳಿದರು, ಸೋಮವಾರ, ಪಾರ್ಕಿನ ಎರಡನೇ ಸುತ್ತಿನಲ್ಲಿ. ಅಂದು ಅವರು ಪ್ರಸಾದದ ಪಾತ್ರೆ ಪಕ್ಕಕ್ಕಿಟ್ಟು, ಮಂದಿರದಲ್ಲಿ ಹೆಂಡತಿಯ ಹಿಂದೆ ಹೋಗಿ ಕೂತು ಬಾಯಿ ತೆಗೆದಿದ್ದರು. ಹಾರ್ಮೋನಿಯಂ ಇಪ್ಪತ್ತು ವರ್ಷದ ನಂತರ ಮತ್ತೆ ನಿಂತಿತು.

"ಏನ್ರೀ ಇದು, ಈಗ ಮತ್ತೆ?" ಎಂದಿದ್ದರು ಆಕೆ.

"ಹೋಟೆಲ್‌ನಲ್ಲಿ ಎಲ್ಲಾ ಚಪ್ಪಾಳೆ ತಟ್ಟಿದ್ರು ಕಣೇ."

"ಬಿಯರ್ ಕುಡಿದೋರು ಮಿಕ್ಸಿಗೂ ಚಪ್ಪಾಳೆ ತಟ್ತಾರೆ."

ಇದನ್ನು ಹೇಳಿ ಮೋಟಾರು ತಾವೇ ನಕ್ಕರು. ಮಿಕ್ಸಿಯ ಹೋಲಿಕೆ ತಾಂತ್ರಿಕವಾಗಿ ಸರಿಯಾಗಿದೆ ಎಂದೂ ಒಪ್ಪಿಕೊಂಡರು. ಆಮೇಲೆ ನಡಿಗೆ ನಿಲ್ಲಿಸಿ ಹೇಳಿದರು: "ಜಯನಗರದಲ್ಲಿ ಒಬ್ಬರು ಟೀಚರ್ ಇದಾರೆ. ಇವತ್ತು ಸಾಯಂಕಾಲದಿಂದ ಪಾಠಕ್ಕೆ ಹೋಗ್ತೀನಿ. ಮೊದಲಿಂದ. ಸರಿಗಮದಿಂದ."

ನಾನು ಗಾಬರಿಯಾದೆ. "ಯಾಕೆ ಸಾರ್ ಈಗ? ನಿಮ್ಮ ಒಂದೇ ಸ್ವರಾನೇ ನಮಗೆ ಬೇಕಾಗಿರೋದು. ಅದು ಸರಿಹೋದ್ರೆ ಎಲ್ಲಾ ಕೆಟ್ಟುಹೋಗುತ್ತೆ."

"ನಿಮಗೆ ಬೇಕು. ಸರಿ. ನನಗೆ?" ಎಂದರು. "ನೋಡಿ, ಇಪ್ಪತ್ತು ವರ್ಷ ಆಕೆ ಬೆನ್ನಿನ ಹಿಂದೆ ಬಾಯಿ ಮುಚ್ಕೊಂಡು ಕೂತಿದೀನಿ. ಆ ಎಲ್ಲರ ಜೊತೆ ಒಂದೇ ಒಂದು ಹಾಡು ಹೇಳ್ಬೇಕು ನಾನು. ಹಾರ್ಮೋನಿಯಂ ನಿಲ್ಬಾರದು, ಆಕೆ ತಿರುಗಿ ನೋಡ್ಬಾರದು. ರಾಮನವಮಿ ದಿವಸ. ಅಷ್ಟೇ. ಆಮೇಲೆ ಬೇಕಾದ್ರೆ ಮತ್ತೆ ಪ್ರಸಾದ ಹಂಚ್ತೀನಿ."

ಒಂದು ತಿಂಗಳ ಮೇಲೆ ಜರಗನಹಳ್ಳಿಯವರಿಗೆ ಈ ವಿಷಯ ತಿಳಿದಾಗ ಪಾರ್ಕಿಂಗಿನ ಪ್ರತಿಧ್ವನಿ ಸಂಪೂರ್ಣ ಉಪಯೋಗಕ್ಕೆ ಬಂತು. ಅವರ ಕೋಪಕ್ಕೆ ಕಾರಣವಿತ್ತು. ಜಯನಗರದಲ್ಲಿ ಬಯಲು ವೇದಿಕೆಯೊಂದರ ಮೇಲೆ ಹಲವು ದೇಶಗಳ ಸಂಗೀತದ ಕಾರ್ಯಕ್ರಮ, ಅದಕ್ಕೆ ನಮಗೆ ಕರೆ ಬಂದಿತ್ತು. ಕರೆಯೋಲೆಯಲ್ಲಿ ನಮ್ಮನ್ನು ಜಮೈಕಾ ಶೈಲಿಯ ಏಕೈಕ ಕನ್ನಡ ಮೇಳ ಎಂದು ವರ್ಣಿಸಲಾಗಿತ್ತು. ಪ್ರತಿಸ್ಪರ್ಧಿಗಳಿಲ್ಲದ ಕ್ಷೇತ್ರದಲ್ಲಿ ಪ್ರಥಮ ಸ್ಥಾನ ಗಳಿಸುವುದು ಜರಗನಹಳ್ಳಿಯವರಿಗೆ ಬಹಳ ದಿನದ ಆಸೆ. ಕಾರ್ಯಕ್ರಮ ಇದ್ದದ್ದು ರಾಮನವಮಿಗೆ ಎರಡು ವಾರ ಮೊದಲು.

"ಕಂಬಕ್ಕೆ ಯಾರಾದ್ರೂ ನಡೆಯೋದು ಕಲಿಸ್ತಾರೇನ್ರೀ?" ಎಂದು ನನ್ನ ಮೇಲೆ ಹಾರಾಡಿದರು. "ನೀವು ಹೋಗಿ ಆ ಟೀಚರಮ್ಮನ ಹತ್ರ ಮಾತಾಡಿ. ಈ ಮನುಷ್ಯನಿಗೆ ಬರಲ್ಲ ಅಂತ ಅವರ ಬಾಯಿಂದಲೇ ಹೇಳಿಸಿ. ಸುಳ್ಳೇನಲ್ವಲ್ಲ."

ಸುಳ್ಳಲ್ಲ, ನಿಜ. ಆ ಸಮಾಧಾನದೊಂದಿಗೆ ರಾಯಭಾರಕ್ಕೆ ಹೊರಟೆ.

ಟೀಚರ್ ಮನೆಯ ಹಜಾರದಲ್ಲಿ ಎಂಟು ಹತ್ತು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಎಲ್ಲರೂ ಏಳೆಂಟು ವರ್ಷದವರು. ಮೊದಲ ಸಾಲಿನಲ್ಲಿ, ಎರಡು ಜಡೆಯ ಹುಡುಗಿಯ ಪಕ್ಕ, ಮಂಡಿ ನೋವಿನವರಿಗೆಂದು ಕೊಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೋಟಾರು. ಮುಂದೆ ಅಚ್ಚುಕಟ್ಟಾಗಿ ಬ್ರೌನ್ ಪೇಪರ್ ಹಾಕಿದ ನೋಟ್‌ಬುಕ್ಕು.

ಟೀಚರ್ ನನ್ನನ್ನು ಬಾಗಿಲ ಹತ್ತಿರ ಕರೆದು ದನಿ ತಗ್ಗಿಸಿದರು. "ನೀವು ಇವರ ಜೊತೆ ಹಾಡ್ತೀರಂತಲ್ಲ. ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಒಂದು ತಿಂಗಳಾಯ್ತು, ಷಡ್ಜ ಬಿಟ್ಟು ಕದಲ್ತಿಲ್ಲ. ಪಾಪ, ದಿನಾ ಎಲ್ಲರಿಗಿಂತ ಮುಂಚೆ ಬರ್ತಾರೆ. ಬಿಟ್ಬಿಡಿ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ನೀವು ಹೇಳಿ, ಮುಂದುವರಿಸ್ಲಾ, ಬಿಡಿಸ್ಲಾ?"

ರಾಯಭಾರಿಗಳ ಚರಿತ್ರೆಯಲ್ಲಿ ಇಷ್ಟು ಸುಲಭವಾಗಿ ಕೋಟೆಯ ಬೀಗದ ಕೈ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತು ಗಂಟಲಿಗೆ ಬಂದಿತ್ತು ಕೂಡ.

ಒಳಗೆ ಜಡೆಯ ಹುಡುಗಿ ಮೋಟಾರಿನವರನ್ನು ವಿಚಾರಿಸಿಕೊಳ್ಳುತ್ತಿದ್ದಳು. "ತಾತ, ಸಾ ಆಯ್ತಲ್ಲ. ಇನ್ನು ರೀ. ಮೆಟ್ಟಿಲು ಹತ್ತಿ ತಾತ, ಒಂದೇ ಮೆಟ್ಟಿಲು." ಅವರು ಕಣ್ಣು ಮುಚ್ಚಿದರು. ಹೊಸ ತಂತಿ ಸುತ್ತಿದ ಮೇಲೆ ಸ್ವಿಚ್ ಹಾಕುವ ಮುಂಚೆ ಮುಚ್ಚುತ್ತಿದ್ದ ಹಾಗೆಯೇ. ಕೊರಳ ನರ ಉಬ್ಬಿತು. 'ಉಂ' ಎಂಬುದು ನಡುಗಿತು, ಕೆಮ್ಮಿತು, ಆಮೇಲೆ, ನಾನು ಕಿವಿಯಾರೆ ಕೇಳಿದ್ದೇನೆ, ಒಂದು ಮೆಟ್ಟಿಲು ಹತ್ತಿತು.

"ಬಂತು! ಮಿಸ್, ತಾತಂಗೆ ರೀ ಬಂತು!" ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ಅವಳು ಕುಡಿದಿರಲಿಲ್ಲ.

"ಮುಂದುವರಿಸಿ" ಎಂದೆ ಟೀಚರಿಗೆ.

ಜರಗನಹಳ್ಳಿಯವರಿಗೆ, ಟೀಚರ್ ಬಹಳ ಹಟದ ಹೆಂಗಸು, ನನ್ನ ಮಾತು ನಡೆಯಲಿಲ್ಲ ಎಂದು ವರದಿ ಒಪ್ಪಿಸಿದೆ. ಆಕೆ ಇದನ್ನು ಓದಿದರೆ ಕ್ಷಮಿಸಬೇಕು.

ಮತ್ತೊಂದು ತಿಂಗಳಿಗೆ, ಕಾರ್ಯಕ್ರಮದ ಸಂಜೆ, ನಮಗೆ ಒಂದೇ ಬಣ್ಣದ ಮೂರು ಸೂಟು. ಬಾಡಿಗೆಯವು, ಜರಗನಹಳ್ಳಿಯವರು ಕ್ಯಾಸೆಟ್ಟಿನ ಹೊದಿಕೆ ತೋರಿಸಿ ತರಿಸಿದ್ದರು. ಎದುರಿಗೆ ಕುರ್ಚಿಗಳು ತುಂಬಿ, ಹಿಂದೆ ಜನ ನಿಂತಿದ್ದರು. ಟ್ಯಾಂಕರ್ ಹಾಡು ಚೆನ್ನಾಗಿಯೇ ಹೋಯಿತು. ಬಾಡಿಗೆಯ ಹಾಡಿನ ಎರಡನೇ ಚರಣದಲ್ಲಿ ನನ್ನ ಬಲಗಿವಿಯಲ್ಲಿ ಏನೋ ಕದಲಿತು. ಕೈಕಂಬಿ ಅಲ್ಲಾಡಿತು. ಮೋಟಾರು ಷಡ್ಜ ಬಿಟ್ಟು ಎದ್ದಿದ್ದರು. ಎದ್ದವರು ಒಂದು ಮೆಟ್ಟಿಲಿಗೆ ನಿಲ್ಲಲಿಲ್ಲ. ಇನ್ನೊಂದು ಹತ್ತಿದರು, ಮತ್ತೊಂದು ಹತ್ತಿದರು, ಹೋಗಿ ಜರಗನಹಳ್ಳಿಯವರ ರಾಗವನ್ನು ಕೆಳಗಿನ ಸ್ಥಾಯಿಯಲ್ಲಿ ಕರಾರುವಾಕ್ಕಾಗಿ ಹಿಡಿದೇಬಿಟ್ಟರು. ಹಿಡಿಯಲು ಬೇರೇನೂ ಉಳಿಯದ ನಾನು, ಎಡಗಿವಿಯ ಹತ್ತಿ ಲೆಕ್ಕಿಸದೆ, ಹಳೆಯ ಅಭ್ಯಾಸಬಲದಿಂದ ಅವರಿಬ್ಬರ ಹಿಂದೆ ಹೊರಟೆ. ಮೂವರು ಮುದುಕರು, ಮೂರು ಸೂಟು, ಒಂದೇ ರಾಗ.

ಹಿಂದಿನಿಂದ ಯಾವನೋ ಕೂಗಿದ: "ಅಂಕಲ್, ಮಂಗಳಾರತಿ ಎಷ್ಟು ಹೊತ್ತಿಗೆ?"

ನಗು ಅಲೆಯಲೆಯಾಗಿ ಬಂತು. ಆದರೆ ಯಾರೂ ಎದ್ದು ಹೋಗಲಿಲ್ಲ ಎನ್ನುವುದನ್ನೂ ದಾಖಲಿಸಬೇಕು. ಮುಂದಿನ ಸಾಲಿನ ಕೆಲವು ಹೆಂಗಸರು ಬಾಡಿಗೆ ಹಾಡಿಗೆ ಭಕ್ತಿಯಿಂದ ತಾಳ ಹಾಕತೊಡಗಿದ್ದರು.

ವೇದಿಕೆಯ ಹಿಂದೆ ಜರಗನಹಳ್ಳಿಯವರು ಟೈ ಕಿತ್ತು ಎಸೆದರು. "ಯಾಕ್ರೀ ಅಲ್ಲಾಡಿದ್ರಿ?"

ಮೋಟಾರಿನವರ ಮುಖ ಅರಳಿತು. "ಅಲ್ಲಾಡಿದ್ನಾ? ನಾನು? ನಿಜವಾಗ್ಲೂ?"

"ಪೂರ್ತಿ ನನ್ನ ಹಾಡೇ ಹಾಡ್ಬಿಟ್ರಲ್ರೀ!"

"ಪೂರ್ತಿನಾ? ಕೊನೇ ಸಾಲು ಕೂಡ?" ಎಂದು ನನ್ನ ಕಡೆ ತಿರುಗಿದರು. "ಸಾರ್, ಕೇಳಿಸಿಕೊಳ್ಳಿ, ಕೊನೇ ಸಾಲು ಕೂಡ ಅಂತೆ!"

ಅಪರಾಧ ಪಟ್ಟಿಯನ್ನು ಅಭಿನಂದನಾ ಪತ್ರದ ಹಾಗೆ ಸ್ವೀಕರಿಸುವ ಮನುಷ್ಯನ ಹತ್ತಿರ ಜಗಳ ಆಡುವುದು ಸಾಧ್ಯವಿಲ್ಲ. ಮರುದಿನ ಪಾರ್ಕಿಂಗಿನಲ್ಲಿ ಕೊನೆಯ ಸಭೆ ಸೇರಿತು. ಮೋಟಾರು ಪಾಠವಿದೆ ಎಂದು ಬರಲಿಲ್ಲ. ವಿಸರ್ಜನೆಯ ನಿರ್ಣಯವನ್ನು ನಾನು ಬರೆದೆ; ಕಾರಣ ಎಂಬ ಜಾಗದಲ್ಲಿ ಕೈ ತಾನಾಗಿಯೇ 'ಅಭಿಪ್ರಾಯ ಭೇದಗಳಿಂದ' ಎಂದು ಬರೆಯಿತು. ಬರೆದ ಮೇಲೆ ಆ ಹನ್ನೊಂದು ಸಾಲಿನ ಚೀಟಿ ನೆನಪಾಯಿತು. ಜಮೈಕಾದ ಕೆಳದನಿಯವನು ದೇವರ ಕಡೆ ಹೋದ ಎಂದು ಓದಿದಾಗ ಅವನಿಗೇನೋ ಸಾಕ್ಷಾತ್ಕಾರ ಆಗಿರಬೇಕು ಎಂದುಕೊಂಡಿದ್ದೆ. ಅವನಿಗೂ ಅಲ್ಲಿ ಎಲ್ಲೋ ಒಂದು ಭಜನಾ ಮಂಡಳಿ ಇತ್ತೋ ಏನೋ, ಅದರಲ್ಲಿ ಮುಂದೆ ಕೂತ ಒಬ್ಬ ಹೆಂಡತಿ.

ಉಳಿದದ್ದೂ ಚೀಟಿಯಂತೆಯೇ ನಡೆಯಿತು. ಜರಗನಹಳ್ಳಿಯವರು ಫೋನಿನಲ್ಲಿ ಬರುವ ಹಿನ್ನೆಲೆ ಸಂಗೀತಕ್ಕೆ ಒಬ್ಬರೇ ಹಾಡುತ್ತಾರೆ. ಎರಡನೇ ಮಹಡಿ ಖಾಲಿಯಾಗಿದೆ. ನಾನು ನಡುದನಿಯವನು, ಬಿಟ್ಟೆ. ಎರಡು ಬದಿಯಲ್ಲಿ ಯಾರೂ ಇಲ್ಲದಿದ್ದರೆ ನಡುವಿನ ಸ್ವರ ಎನ್ನುವುದು ಇರುವುದಿಲ್ಲ, ಬಾತ್‌ರೂಮಿನಲ್ಲಿ ಪ್ರಯತ್ನಿಸಿ ನೋಡಿದ್ದೇನೆ.

ರಾಮನವಮಿ ದಿನ ಚಿಕ್ಕಲಸಂದ್ರಕ್ಕೆ ಹೋದೆ. ಜರಗನಹಳ್ಳಿಯವರು ಬರುವುದಿಲ್ಲ ಎಂದವರು ನನ್ನನ್ನು ಕಾರಿನಲ್ಲಿ ಬಿಟ್ಟು, ತಾವು ಕಾರಿನಲ್ಲೇ ಕೂತರು. ಒಳಗೆ ಕ್ಯಾಸೆಟ್ಟು ಓಡುತ್ತಿತ್ತು. ಮಂದಿರ ತುಂಬಿತ್ತು. ನನಗೆ ಚಪ್ಪಲಿ ಬಿಡುವ ಜಾಗದ ಹತ್ತಿರ, ಬಾಗಿಲಲ್ಲಿ ನಿಲ್ಲಲು ಸಿಕ್ಕಿತು. ಅಲ್ಲಿಂದ ಆಕೆಯ ಬೆನ್ನು ಕಾಣುತ್ತಿತ್ತು, ಆಕೆಯ ಬೆನ್ನಿನ ಹಿಂದೆ ಮೋಟಾರಿನವರ ಬೆನ್ನು. ಹೊಸ ಬಿಳಿ ಅಂಗಿ. ಆಕೆ ಮೊದಲ ಸಾಲು ಎತ್ತಿದರು. ಇವರ ಭುಜ ಮೇಲೇರಿದ್ದು ಕಂಡಿತು, ಉಸಿರು ತೆಗೆದುಕೊಂಡರೆಂದು ತಿಳಿಯಿತು. ನಾನು ಚೌಕಟ್ಟನ್ನು ಹಿಡಿದುಕೊಂಡೆ. ಎಲ್ಲರೂ ಸಾಲನ್ನು ತಿರುಗಿ ಹೇಳಿದರು.

ಹಾರ್ಮೋನಿಯಂ ನಿಲ್ಲಲಿಲ್ಲ.

ಎರಡನೇ ಸಾಲು ಮೇಲೆ ಹೋಗುವಂಥದ್ದು. ನಾನು ಆ 'ಉಂ' ಎಂಬ ತೊಲೆಯನ್ನು ಹುಡುಕಿದೆ. ತಿಂಗಳುಗಟ್ಟಲೆ ಆ ದನಿಯನ್ನು ಹಿಡಿದು ನಡೆದವನು ನಾನು, ಸಾವಿರದಲ್ಲೂ ಗುರುತು ಹಿಡಿಯುತ್ತೇನೆ. ಸಿಗಲಿಲ್ಲ. ಅಭ್ಯಾಸಬಲದಿಂದ ಹತ್ತಿಯೇನಾದರೂ ಇದೆಯೇ ಎಂದು ಎರಡೂ ಕಿವಿಯಲ್ಲಿ ಬೆರಳಾಡಿಸಿದೆ, ಇರಲಿಲ್ಲ. ಮೂವತ್ತು ಜನರ ಒಂದು ದನಿ ಬೆಟ್ಟ ಹತ್ತಿತು, ಇಳಿಯಿತು. ತಪ್ಪಲಿನಲ್ಲಿ ಯಾರೂ ನಡೆಯುತ್ತಿರಲಿಲ್ಲ. ಆಕೆ ಒಂದು ಸಲವೂ ಹಿಂತಿರುಗಲಿಲ್ಲ. ಸುದ್ದಗುಂಟೆಪಾಳ್ಯದಲ್ಲಿ ಎದೆ ನಡುಗಿಸಿದ ಆ ಸ್ವರ, ನಮ್ಮ ಮೇಳ ಲೋಕಕ್ಕೆ ಕೊಟ್ಟ ಒಂದೇ ಒಂದು ಅಪರೂಪದ ವಸ್ತು, ನನ್ನ ಕಣ್ಣೆದುರೇ, ಸಕ್ಕರೆ ಹಾಲಿನಲ್ಲಿ ಕರಗುವ ಹಾಗೆ ಕರಗಿಹೋಯಿತು. ನನಗೆ ಅಳು ಬಂದಂತಾಯಿತು. ಯಾವ ಕಾರಣಕ್ಕೆ ಎಂದು ಟಿಪ್ಪಣಿ ಬರೆಯಲು ಹೇಳಿದರೆ ಬರೆಯಲಾರೆ.

ಮಂಗಳಾರತಿ ಆದ ಮೇಲೆ ಅವರು ಜನರನ್ನು ತಳ್ಳಿಕೊಂಡು ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಪಾನಕದ ಲೋಟ, ಇನ್ನೊಂದರಲ್ಲಿ ಕೋಸಂಬರಿಯ ದೊನ್ನೆ. ಬೆವರಿಗೆ ಹೊಸ ಅಂಗಿ ಬೆನ್ನಿಗಂಟಿತ್ತು.

"ಇಲ್ಲೇ ನಿಂತಿದ್ರಾ? ನಾನು ಹಾಡಿದ್ದು ಕೇಳಿಸ್ತಾ?"

ಮೊದಲ ಸಲ ಅವರು ಕೇಳಿದಾಗ ಹೇಳಬೇಕಾಗಿದ್ದ ನಿಜವನ್ನು ಹೇಳದೆ ಕೆಟ್ಟಿದ್ದೆ. ಈ ಸಲ ನಿಜವನ್ನೇ ಹೇಳಿದೆ.

"ಇಲ್ಲ ಸಾರ್. ಕೇಳಿಸ್ಲಿಲ್ಲ."

"ಒಂದು ಚೂರೂ?"

"ಒಂದು ಚೂರೂ."

ಅವರು ಒಳಗೆ ತಿರುಗಿ, ಹಾರ್ಮೋನಿಯಂ ಮುಚ್ಚುತ್ತಿದ್ದ ಹೆಂಡತಿಗೆ ಕೇಳುವ ಹಾಗೆ, ಇಡೀ ಮಂದಿರಕ್ಕೆ ಕೇಳುವ ಹಾಗೆ ಕೂಗಿದರು: "ಕೇಳಿದ್ಯೇನೇ? ಇವರಿಗೆ ಕೇಳಿಸ್ಲೇ ಇಲ್ವಂತೆ!"

ಆಕೆ ಆಗ ತಿರುಗಿ ನೋಡಿದರು. "ಹೌದ್ರೀ, ನನಗೂ ಕೇಳಿಸ್ಲಿಲ್ಲ" ಎಂದರು.

ಅವರು ಪಾನಕದ ಲೋಟವನ್ನು ನನ್ನ ಕೈಗಿಟ್ಟರು. ಕುಡಿದು ಮುಗಿಸುವುದರೊಳಗೆ ಇನ್ನೊಂದು ತಂದರು. ಮೂರನೆಯದನ್ನು, "ಅವರು ಕಾರಲ್ಲೇ ಇದಾರೆ ಅಲ್ವಾ? ಬಂದೇ ಇರ್ತಾರೆ, ನನಗೆ ಗೊತ್ತು" ಎನ್ನುತ್ತಾ, ಚಪ್ಪಲಿ ಮೆಟ್ಟದೆ, ಬಿಸಿಲಿನಲ್ಲಿ ಚೆಲ್ಲದ ಹಾಗೆ ಹಿಡಿದುಕೊಂಡು ರಸ್ತೆ ದಾಟಿದರು.